ಕಬುಕಿ ನಟರ ಮರದಚ್ಚಿನ ಚಿತ್ರ: ಮೊದಲು ಯಾವುದನ್ನು ಕೊಳ್ಳುವುದು?

ಜಪಾನಿನ ಸಾಂಪ್ರದಾಯಿಕ ನಾಟಕವಾದ ಕಬುಕಿಯ ನಟರ ಚಿತ್ರವೊಂದನ್ನು ಮನೆಗೆ ತರಬೇಕು ಅಂದುಕೊಂಡವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರ ಇರುತ್ತದೆ. ಕಪ್ಪಾಗಿ ಮಿನುಗುವ ಹಿನ್ನೆಲೆ. ಮುಂದಕ್ಕೆ ಚಾಚಿದ ಗದ್ದ. ಕೆಂಪು ಅಂಚಿನ ಕಣ್ಣು. ಉಡುಪಿನ ಎದೆಯಿಂದ ಹೊರಗೆ ಬಂದ ಎರಡು ಪುಟ್ಟ ಕೈ, ಅಗಲಿಸಿದ ಬೆರಳು. ಅದು 1794ರಲ್ಲಿ ಶರಾಕು ಎಂಬ ಚಿತ್ರಗಾರ ಬರೆದ ಮೂರನೆಯ ಓತನಿ ಒನಿಜಿ (ಅಂದರೆ ಆ ಹೆಸರು ಹೊತ್ತ ಮೂರನೆಯವನು) ಎಂಬ ನಟನ ಚಿತ್ರ. ಹಣ ದೋಚಲು ಹೊರಟ ಎಡೊಬೆ ಎಂಬ ಆಳಿನ ಪಾತ್ರ ಅವನದು.

ಆ ಕಾಲದಲ್ಲೇ ಅಚ್ಚಾದ ಪ್ರತಿ ನಮ್ಮ ನಿಮ್ಮ ಕೈಗೆ ಸಿಗುವಂಥದ್ದಲ್ಲ. ಉಳಿದಿರುವ ಪ್ರತಿಗಳಲ್ಲಿ ಹೆಚ್ಚಿನವು ಮ್ಯೂಸಿಯಂ ಸೇರಿವೆ. ಶರಾಕುವಿನ ಒಳ್ಳೆಯ ಪ್ರತಿ ಹರಾಜಿಗೆ ಬಂದರೆ ಕೋಟಿ ರೂಪಾಯಿಗಳ ಮಾತು. ಇಲ್ಲಿಗೆ ಬಂದು ಎಷ್ಟೋ ಜನ ಆಸೆ ಕೈಬಿಡುತ್ತಾರೆ. ಕೈಬಿಡಬೇಕಾಗಿಲ್ಲ. ಎಡೊ ಕಾಲದ (1603–1868) ನಿಜವಾದ ಹಾಳೆ ಹತ್ತಿಪ್ಪತ್ತು ಸಾವಿರ ರೂಪಾಯಿಗೂ ಸಿಗುತ್ತದೆ. ಅದನ್ನು ಕೊಳ್ಳುವ ಮುಂಚೆ ಏನೇನು ದಾರಿಗಳಿವೆ, ಯಾವುದು ಯಾರಿಗೆ ಸರಿ ಅಂತ ಗೊತ್ತಿದ್ದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಸರು ನೋಡಿ ಕೊಳ್ಳಬೇಡಿ. ನಿಮಗೆ ಬೇಕಾಗಿರುವುದು ಒಂದು ಮುಖವೋ, ಒಂದು ನಾಟಕದ ಗಳಿಗೆಯೋ, ಇಲ್ಲಾ ಹಳೆಯ ಕಾಗದವೋ ಅಂತ ಯೋಚಿಸಿ. ಈ ಮೂರಕ್ಕೂ ಉತ್ತರ ಬೇರೆ ಬೇರೆ.

ಇವು ಹುಟ್ಟಿದ್ದು ಹೇಗೆ

ಜಪಾನಿನಲ್ಲಿ ಇವಕ್ಕೆ ಯಕುಶ-ಎ ಅನ್ನುತ್ತಾರೆ. ಯಕುಶ ಅಂದರೆ ನಟ, ಎ ಅಂದರೆ ಚಿತ್ರ. ನಾಟಕ ನಡೆಯುತ್ತಿರುವಾಗಲೇ ಅಂಗಡಿಗೆ ಬರುತ್ತಿದ್ದವು. ಬೆಲೆ ಹೆಚ್ಚು ಕಡಿಮೆ ಒಂದು ಬಟ್ಟಲು ನೂಡಲ್ಸಿನಷ್ಟು. ಅಭಿಮಾನಿಗಳು ಕೊಂಡು ಗೋಡೆಗೆ ಅಂಟಿಸುತ್ತಿದ್ದರು, ಪುಸ್ತಕದ ಹಾಗೆ ಹೊಲಿದು ಇಟ್ಟುಕೊಳ್ಳುತ್ತಿದ್ದರು.

ಒಂದು ಹಾಳೆಯ ಹಿಂದೆ ನಾಲ್ಕು ಜನ. ದುಡ್ಡು ಹಾಕುವ ಪ್ರಕಾಶಕ, ಗೆರೆ ಬರೆಯುವ ಚಿತ್ರಗಾರ, ಚೆರಿ ಮರದ ಹಲಗೆ ಕೆತ್ತುವವನು, ಬಣ್ಣ ಹಚ್ಚಿ ಕಾಗದವನ್ನು ಕೈಯಿಂದ ಉಜ್ಜಿ ಅಚ್ಚು ತೆಗೆಯುವವನು. ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಶರಾಕು ತನ್ನ ಹಲಗೆಯನ್ನು ತಾನು ಕೆತ್ತಿದವನಲ್ಲ, ಬಣ್ಣ ಹಚ್ಚಿದವನೂ ಅಲ್ಲ.

ಹೊಸದಾಗಿ ಕೆತ್ತಿದ ಶರಾಕುವೋ, ಹಳೆಯ ಕುನಿಸದನೋ

ಮೊದಲ ಸಲ ಕೊಳ್ಳುವವರಿಗೆ ನಿಜವಾದ ಆಯ್ಕೆ ಇರುವುದು ಈ ಎರಡರ ನಡುವೆ: ಈಗ ಮತ್ತೆ ಕೆತ್ತಿ ಅಚ್ಚು ಮಾಡಿದ ಶರಾಕು ಚಿತ್ರ, ಇಲ್ಲಾ ಹತ್ತೊಂಬತ್ತನೆಯ ಶತಮಾನದ ಕುನಿಸದ ಎಂಬ ಚಿತ್ರಗಾರನ ಹಳೆಯ ಹಾಳೆ. ಬೆಲೆ ಹೆಚ್ಚು ಕಡಿಮೆ ಒಂದೇ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಶರಾಕು 1794ರ ಬೇಸಿಗೆಯ ಹೊತ್ತಿಗೆ ಎಡೊ (ಇಂದಿನ ಟೋಕಿಯೊ) ಪಟ್ಟಣದಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡ. ಸುಮಾರು ಹತ್ತು ತಿಂಗಳಲ್ಲಿ 140ಕ್ಕೂ ಹೆಚ್ಚು ಚಿತ್ರ ಬರೆದು 1795ರ ಆರಂಭದಲ್ಲಿ ಮಾಯವಾದ. ಎಲ್ಲವನ್ನೂ ಪ್ರಕಟಿಸಿದ್ದು ತ್ಸುತಯ ಜೂಜಬುರೊ. ಮೊದಲ ಕಂತಿನ 28 ಚಿತ್ರಗಳು ಎದೆಯವರೆಗಿನ ದೊಡ್ಡ ಮುಖಗಳು. ಹಿನ್ನೆಲೆಗೆ ಕಾಗೆ ಬಂಗಾರದ ಪುಡಿ ಹಚ್ಚಿದ್ದಾರೆ. ದೀಪದ ಎದುರು ಹಾಳೆ ಸ್ವಲ್ಪ ಅಲ್ಲಾಡಿದರೂ ಕಪ್ಪಿನೊಳಗೆ ಬೆಳ್ಳಿಯ ಮಿನುಗು ಓಡುತ್ತದೆ.

ಅವನ ದೊಡ್ಡತನ ಇರುವುದು ಮುಖದಲ್ಲಿ. ಕಬುಕಿಯಲ್ಲಿ 1629ರಿಂದ ಹೆಂಗಸರು ರಂಗಕ್ಕೆ ಬರುವಂತಿರಲಿಲ್ಲ. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದೇನೂ ಹೊಸದಲ್ಲ. ಬೇರೆ ಚಿತ್ರಗಾರರು ಸ್ತ್ರೀವೇಷದ ನಟನನ್ನು ಚೆಲುವೆಯಾಗಿಯೇ ಬರೆದರು. ಶರಾಕು ಹಾಗೆ ಮಾಡಲಿಲ್ಲ. ಅವನ ಚಿತ್ರದಲ್ಲಿ ಪಾತ್ರದ ಹೆಂಗಸೂ ಕಾಣುತ್ತಾಳೆ, ಅವಳ ಹಿಂದೆ ಗಂಡಸಿನ ದವಡೆ, ದೊಡ್ಡ ಮೂಗು, ವಯಸ್ಸಾದ ಕಣ್ಣು ಕೂಡ ಕಾಣುತ್ತವೆ. ಎರಡೂ ಒಟ್ಟಿಗೆ. ಇಷ್ಟು ನಿಜ ಬರೆದದ್ದೇ ಅವನಿಗೆ ಮುಳುವಾಯಿತು ಎಂದು ಆ ಕಾಲಕ್ಕೆ ಹತ್ತಿರದ ಒಂದು ಬರಹ ಹೇಳುತ್ತದೆ. ತನ್ನ ನೆಚ್ಚಿನ ನಟನ ಮುಖದ ಸುಕ್ಕು ನೋಡಲು ಅಭಿಮಾನಿ ದುಡ್ಡು ಕೊಡುತ್ತಾನಾ, ಹೇಳಿ?

ಟೋಕಿಯೊದ ಅದಾಚಿ ಸಂಸ್ಥೆಯಂಥ ಕೆಲವು ಕಡೆ ಈಗಲೂ ಈ ಚಿತ್ರಗಳನ್ನು ಹಳೆಯ ರೀತಿಯಲ್ಲೇ ಮಾಡುತ್ತಾರೆ. ಚೆರಿ ಹಲಗೆ, ಕೊಜೊ ಎಂಬ ಗಿಡದ ನಾರಿನಿಂದ ಕೈಯಲ್ಲಿ ಮಾಡಿದ ಕಾಗದ, ಕೈಯ ಉಜ್ಜು. ಇದನ್ನು 'ನಕಲು' ಅಂತ ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೂಲದಲ್ಲೂ ಕೆತ್ತಿದ್ದು ಕೆತ್ತುವವನು, ಅಚ್ಚು ತೆಗೆದದ್ದು ಅಚ್ಚಿನವನು. ಆ ಕಸುಬು ಕೈಯಿಂದ ಕೈಗೆ ಇಂದಿಗೂ ಬಂದಿದೆ. ಜೊತೆಗೆ ಇನ್ನೊಂದು ಲಾಭ ಇದೆ. ಮೂಲ ಪ್ರತಿಗಳ ಬಣ್ಣ ಈಗ ಉಳಿದಿಲ್ಲ. ಆ ಕಾಲದ ತೆಳು ಕೆಂಪು ಕುಸುಬೆ ಹೂವಿನದ್ದು. ನಮ್ಮ ಉತ್ತರ ಕರ್ನಾಟಕದ ಹೊಲದಲ್ಲಿ ಬೆಳೆಯುವ ಅದೇ ಕುಸುಬೆ. ಬೆಳಕು ಬಿದ್ದರೆ ಬೇಗ ಮಾಸುತ್ತದೆ. ನೀಲಿಯನ್ನು ಒಂದು ಸಣ್ಣ ಕಾಡುಹೂವಿನಿಂದ ತೆಗೆಯುತ್ತಿದ್ದರು. ಅದು ಇನ್ನೂ ಬೇಗ ಹೋಗುತ್ತದೆ. ಎರಡನ್ನೂ ಬೆರೆಸಿ ಮಾಡಿದ ನೇರಳೆ ಇವತ್ತು ಮ್ಯೂಸಿಯಂಗಳಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿ ಕೂತಿದೆ. 1794ರಲ್ಲಿ ಅಂಗಡಿಯಲ್ಲಿ ನಿಂತವನಿಗೆ ಕಂಡ ಬಣ್ಣಕ್ಕೆ ಹೊಸ ಅಚ್ಚೇ ಹತ್ತಿರ.

ಇನ್ನು ಕುನಿಸದ. ಹುಟ್ಟಿದ್ದು 1786, ತೀರಿಕೊಂಡದ್ದು 1865. 1844ರಲ್ಲಿ ಗುರು ತೊಯೊಕುನಿಯ ಹೆಸರನ್ನು ತಾನು ಇಟ್ಟುಕೊಂಡ. ಅದಕ್ಕೇ ಅವನ ಎಷ್ಟೋ ಹಾಳೆಗಳ ಮೇಲೆ ಇರುವ ಸಹಿ 'ತೊಯೊಕುನಿ'. ಮಾರುವವರು ಮೂರನೆಯ ತೊಯೊಕುನಿ ಅಂದರೆ ಗಾಬರಿಯಾಗಬೇಡಿ, ಇಬ್ಬರೂ ಒಬ್ಬನೇ. ಅವನು ಬರೆದ ಚಿತ್ರಗಳು ಸಾವಿರ ಸಾವಿರ. ಅಷ್ಟು ಹೆಚ್ಚು ಇರುವುದರಿಂದಲೇ ಅಗ್ಗ. ಅಗ್ಗ ಇರುವುದರಿಂದಲೇ ಬಹಳ ಕಾಲ ಅವನನ್ನು ಯಾರೂ ಸರಿಯಾಗಿ ನೋಡಲಿಲ್ಲ. ಇದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

ನನ್ನ ಹತ್ತಿರ ಅವನ ಒಂದು ಹಾಳೆ ಇದೆ. ಕಪ್ಪು ಉಡುಪು ತೊಟ್ಟ ಸಮುರಾಯಿ ಪಾತ್ರ, ಸೊಂಟದಲ್ಲಿ ಎರಡು ಕತ್ತಿ. ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣ ದುಂಡು ಮೊಹರು. ಅದನ್ನು ಓದಿದರೆ ಕೋತಿ ವರ್ಷ, ಅಂದರೆ 1860. ಕೆನ್ನೆಯ ಪಕ್ಕ ಕೂದಲು ಹಣೆಯಿಂದ ಹೊರಡುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಒಂದೊಂದು ಕೂದಲೂ ಬೇರೆ ಬೇರೆ. ಬುಡದಲ್ಲಿ ದಪ್ಪ, ತುದಿಗೆ ಬರುತ್ತಾ ಕಾಣದಷ್ಟು ತೆಳು. ಇಷ್ಟನ್ನೂ ಒಬ್ಬ ಮನುಷ್ಯ ಚಾಕುವಿನಿಂದ ಮರದಲ್ಲಿ ಉಬ್ಬಿಸಿದ್ದಾನೆ, ಎರಡು ಕೂದಲಿನ ನಡುವಿನ ಮರವನ್ನು ಕಿತ್ತು ತೆಗೆದು. ಕುನಿಸದನ ಕೊನೆಯ ವರ್ಷಗಳ ಕೆಲವು ಹಾಳೆಗಳಲ್ಲಿ ಕೆತ್ತಿದವನ ಹೆಸರಿನ ಪುಟ್ಟ ಮೊಹರೂ ಇರುತ್ತದೆ. ಇರಲೇಬೇಕು ಅಲ್ವಾ, ಇಷ್ಟು ಕೆಲಸ ಮಾಡಿದ ಮೇಲೆ.

ಹಾಗಾದರೆ ಎರಡರಲ್ಲಿ ಯಾವುದು? ಒಂದೇ ಒಂದು ಚಿತ್ರ, ಗೋಡೆಗೆ ಹಾಕಿ ದಿನಾ ನೋಡಬೇಕು ಅನ್ನುವವರಿಗೆ ಹೊಸದಾಗಿ ಕೆತ್ತಿದ ಶರಾಕು. ದೂರದಿಂದಲೇ ಹಿಡಿದು ನಿಲ್ಲಿಸುತ್ತದೆ. ಬಣ್ಣ ಮಾಸೀತು ಎಂಬ ಭಯ ಕಡಿಮೆ, ಮಾಸಿದರೂ ಮತ್ತೊಂದು ಸಿಗುತ್ತದೆ. ಆ ಕಾಲದಲ್ಲಿ ಒಬ್ಬ ಅಭಿಮಾನಿ ಕೈಯಲ್ಲಿ ಹಿಡಿದ ಕಾಗದವೇ ಬೇಕು, ಸಂಜೆ ಮೇಜಿನ ಮೇಲೆ ಇಟ್ಟುಕೊಂಡು ಹತ್ತಿರದಿಂದ ನೋಡಬೇಕು ಅನ್ನುವವರಿಗೆ ಕುನಿಸದ. ನಾನು ಎರಡನೆಯ ಗುಂಪಿನವನು.

ಕುನಿಸದನನ್ನು ಕೊಳ್ಳುವಾಗ ಒಂದು ವಿಷಯ ಗಮನಿಸಿ. ಅವನ ಎಷ್ಟೋ ಚಿತ್ರಗಳು ಮೂರು ಹಾಳೆ ಸೇರಿದರೆ ಒಂದು ದೃಶ್ಯ. ಕಾಲ ಕಳೆದಂತೆ ಮೂರೂ ಬೇರೆಯಾಗಿ ಮೂರು ಕಡೆ ಹೋಗಿವೆ. ನಿಮಗೆ ಸಿಕ್ಕ ಹಾಳೆಯಲ್ಲಿ ನಟ ಯಾರನ್ನೋ ನೋಡಿ ಗದರುತ್ತಿರುತ್ತಾನೆ. ಆ ಯಾರೋ ಎಲ್ಲೋ ದೂರದ ದೇಶದ ಪೆಟ್ಟಿಗೆಯೊಂದರಲ್ಲಿ ಇರುತ್ತಾನೆ. ಹಾಳೆಯ ಅಂಚಿನಲ್ಲಿ ಮರ, ಕಂಬ, ಸೆರಗು ಅರ್ಧಕ್ಕೇ ನಿಂತಿದ್ದರೆ ಇದು ಮೂರರಲ್ಲಿ ಒಂದು ಅಂತ ತಿಳಿಯಿರಿ. ಕೊಳ್ಳಬಾರದು ಅಂತಲ್ಲ. ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಬೇಕು.

ಚಿಕ್ಕ ಮನೆಗೆ ಒಸಾಕ

ಎಡೊ ಬಿಟ್ಟು ಒಸಾಕ ಪಟ್ಟಣದಲ್ಲೂ ಈ ಚಿತ್ರಗಳು ಆಗುತ್ತಿದ್ದವು. ಎಡೊದಲ್ಲಿ ಚೆಲುವೆಯರು, ಊರಿನ ನೋಟ ಎಲ್ಲ ಬರೆದರೆ ಒಸಾಕದವರು ಬರೆದದ್ದು ಬಹುಪಾಲು ನಟರನ್ನೇ. ಬರೆದವರಲ್ಲಿ ಎಷ್ಟೋ ಜನ ಸ್ವತಃ ನಾಟಕದ ಹುಚ್ಚಿನವರು. ಹಾಗಾಗಿ ಪ್ರತಿಗಳು ಕಡಿಮೆ, ಅಚ್ಚಿನ ಕೆಲಸಕ್ಕೆ ಮುತುವರ್ಜಿ ಜಾಸ್ತಿ. ಹಿತ್ತಾಳೆ, ಬೆಳ್ಳಿ ಬಣ್ಣದ ಲೋಹದ ಪುಡಿ ಧಾರಾಳವಾಗಿ ಬಳಸುತ್ತಾರೆ.

1840ರ ದಶಕದ ನಂತರದ ಒಸಾಕ ಹಾಳೆಗಳು ಚಿಕ್ಕವು, ಸುಮಾರು 25 ಸೆಂಟಿಮೀಟರ್ ಎತ್ತರ, 18 ಅಗಲ. ಎಡೊದ ಸಾಮಾನ್ಯ ಹಾಳೆ 39ಕ್ಕೆ 26. ಫ್ಲ್ಯಾಟಿನ ಗೋಡೆಗೆ, ಓದುವ ಮೇಜಿನ ಎದುರಿಗೆ ಒಸಾಕದ ಅಳತೆ ಬಹಳ ಚೆನ್ನಾಗಿ ಹೊಂದುತ್ತದೆ. ಹಿರೊಸದ ಎಂಬವನ ದೊಡ್ಡ ಮುಖಗಳನ್ನು ಹುಡುಕಿ ನೋಡಿ. ಕಣ್ಣಿನ ಸುತ್ತ ಒಂದು ಬಗೆಯ ಆಳವಾದ ಸುಮ್ಮನಿರುವಿಕೆ ಇದೆ ಅವುಗಳಲ್ಲಿ. ಬೆಲೆಯೂ ಇನ್ನೂ ಮೇಲೆ ಹೋಗಿಲ್ಲ.

ಅಳತೆ ಹೀಗೆ ಚಿಕ್ಕದಾದದ್ದಕ್ಕೆ ಒಂದು ಕಾರಣ 1842ರ ಸರ್ಕಾರಿ ಕಟ್ಟಳೆ. ಆಡಂಬರ ಬೇಡ ಅಂತ ಸರ್ಕಾರ ನಟರ ಚಿತ್ರಗಳನ್ನೇ ನಿಷೇಧಿಸಿತು. ಅದೇ ವರ್ಷ ಏಳನೆಯ ಇಚಿಕಾವ ದಂಜೂರೊ ಎಂಬ ಹೆಸರಾಂತ ನಟನನ್ನು ಆಡಂಬರದ ಕಾರಣಕ್ಕೆ ಎಡೊದಿಂದ ಗಡಿಪಾರು ಮಾಡಿದರು. ಆಮೇಲೆ ಕೆಲವು ವರ್ಷಗಳಲ್ಲಿ ಚಿತ್ರಗಳು ಮತ್ತೆ ಬಂದವು, ಆದರೆ ನಟನ ಹೆಸರಿಲ್ಲದೆ. ಹೆಸರು ಯಾರಿಗೆ ಬೇಕಿತ್ತು? ಮೂಗು ನೋಡಿದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಕುನಿಯೊಶಿ ಎಂಬ ಚಿತ್ರಗಾರನಂತೂ ಮಕ್ಕಳು ಗೋಡೆಯ ಮೇಲೆ ಗೀಚಿದ ಹಾಗೆ ನಟರ ಮುಖ ಬರೆದು ಕಟ್ಟಳೆಯನ್ನು ದಾಟಿದ. ನೀವು ನೋಡುತ್ತಿರುವ 1840ರ ಕೊನೆಯ ಹಾಳೆಯಲ್ಲಿ ನಟನ ಹೆಸರಿಲ್ಲದಿದ್ದರೆ ಅದು ಕೊರತೆಯಲ್ಲ. ಆ ಕಾಲದ ಗುರುತು.

ಕೆಂಪು ಇಷ್ಟಪಡುವವರಿಗೆ, ಮೌನ ಇಷ್ಟಪಡುವವರಿಗೆ

ಕುನಿಸದನ ಶಿಷ್ಯ ಕುನಿಚಿಕ (1835–1900). ಅವನ ಕಾಲಕ್ಕೆ ಹೊರದೇಶದ ರಾಸಾಯನಿಕ ಬಣ್ಣಗಳು ಬಂದಿದ್ದವು. ಕಣ್ಣು ಕುಕ್ಕುವ ಕೆಂಪು, ಗಾಢ ನೇರಳೆ. ಹಳಬರು ಇದನ್ನು ಒರಟು ಅಂತ ಬದಿಗಿಟ್ಟರು. ನನಗೆ ಹಾಗನ್ನಿಸುವುದಿಲ್ಲ. ರಂಗದ ಮೇಲಿನ ಕಬುಕಿ ಇರುವುದೇ ಹಾಗೆ, ಅಬ್ಬರವಾಗಿ. ಅವನ ಕೆಲವು ಮೂರು ಹಾಳೆಯ ಚಿತ್ರಗಳಲ್ಲಿ ಒಬ್ಬನೇ ನಟ ಮೂರೂ ಹಾಳೆ ತುಂಬಿಕೊಂಡು ಕೂತಿರುತ್ತಾನೆ. ದೊಡ್ಡ ಹಾಲ್ ಇದ್ದವರು ಅದನ್ನು ನೋಡಿ. ಬೆಲೆ ಕುನಿಸದನಷ್ಟೇ, ಕೆಲವೊಮ್ಮೆ ಕಡಿಮೆ. ಅವನು ಮುದುಕನಾಗುವ ಹೊತ್ತಿಗೆ ಫೋಟೋ ಬಂದಿತ್ತು, ನಟನ ಮುಖ ಬೇಕಾದವರು ಅದನ್ನೇ ಕೊಂಡರು.

ಇದಕ್ಕೆ ಪೂರ್ತಿ ಎದುರು ನತೊರಿ ಶುನ್ಸೆನ್. ವತನಬೆ ಶೋಜಬುರೊ ಎಂಬ ಪ್ರಕಾಶಕ ಇಪ್ಪತ್ತನೆಯ ಶತಮಾನದಲ್ಲಿ ಈ ಕಸುಬಿಗೆ ಮತ್ತೆ ಜೀವ ತುಂಬಿದವನು. 1923ರ ಭೂಕಂಪದ ಬೆಂಕಿಯಲ್ಲಿ ಅವನ ಅಚ್ಚುಗಳೆಲ್ಲ ಸುಟ್ಟುಹೋದವು. ಮತ್ತೆ ಶುರು ಮಾಡಿದ. 1925ರಿಂದ 1929ರವರೆಗೆ ಶುನ್ಸೆನ್ ಬರೆದ 36 ನಟರ ಮುಖಗಳನ್ನು ಹೊರತಂದ, ಒಂದೊಂದಕ್ಕೂ 150 ಪ್ರತಿ. ಹಿನ್ನೆಲೆ ಖಾಲಿ. ಗೆರೆ ಕಡಿಮೆ. ಪೌಡರ್ ಬಳಿದ ಚರ್ಮದ ಕೆಳಗೆ ರಕ್ತ ಓಡುತ್ತಿದೆ ಅನ್ನಿಸುವಷ್ಟು ಮೆತ್ತನೆ ಬಣ್ಣ. ಕಬುಕಿ ಏನೂ ಗೊತ್ತಿಲ್ಲದವರಿಗೂ ಈ ಚಿತ್ರಗಳು ತಾಗುತ್ತವೆ. ಆದರೆ ದುಬಾರಿ. ಕುನಿಸದನ ಸಾಮಾನ್ಯ ಹಾಳೆಗಿಂತ ಹಲವು ಪಟ್ಟು. ಅವನ ಅಚ್ಚುಗಳಿಂದ ಆಮೇಲೆ ತೆಗೆದ ಪ್ರತಿಗಳೂ ಇವೆ. ಮೊದಲ ಮುದ್ರಣದ ಬೆಲೆ ಕೇಳಿದರೆ ಅದು ಮೊದಲ ಮುದ್ರಣವೇ ಅಂತ ಬರೆದು ಕೊಡಲು ಹೇಳಿ. ಮೊದಲ ಖರೀದಿಗೆ ಇದನ್ನು ನಾನು ಹೇಳುವುದಿಲ್ಲ. ಎರಡು ಮೂರು ಹಾಳೆ ಕೊಂಡು ಕಣ್ಣು ಪಳಗಿದ ಮೇಲೆ ಬನ್ನಿ.

ಸತ್ತ ನಟರ ನೆನಪಿಗೆ ಅಚ್ಚು ಮಾಡಿದ ಚಿತ್ರಗಳೂ ಸಿಗುತ್ತವೆ. 1854ರಲ್ಲಿ ಎಂಟನೆಯ ದಂಜೂರೊ ಒಸಾಕದಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ ಅಂಥವು ನೂರಕ್ಕೂ ಹೆಚ್ಚು ಬಂದವು. ತಿಳಿ ನೀಲಿ ಉಡುಪು, ಕೆಲವದರಲ್ಲಿ ಅಳುವ ಹೆಂಗಸರು. ಅವಸರದ ಕೆಲಸ, ಅಚ್ಚು ಸಾಧಾರಣ. ಇತಿಹಾಸದ ಆಸಕ್ತಿ ಇದ್ದವರಿಗೆ ಮಾತ್ರ.

ಹಾಳೆಯನ್ನು ಓದುವುದು

ಯಾವುದನ್ನೇ ಆರಿಸಿ, ಮೋಸ ಹೋಗದಿರಲು ಕೆಲವು ಗುರುತು ಗೊತ್ತಿರಲಿ. ನನಗೆ ಇದು ತಡವಾಗಿ ಗೊತ್ತಾಯಿತು. ಶುರುವಿನಲ್ಲಿ ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ 'ಹಳೆಯ ಮರದಚ್ಚು' ಅಂತ ಒಂದು ಚಿತ್ರ ತರಿಸಿದ್ದೆ. ಭೂತಗನ್ನಡಿ ಹಿಡಿದರೆ ಮುಖದ ತುಂಬ ಸಣ್ಣ ಸಣ್ಣ ಬಣ್ಣದ ಚುಕ್ಕಿ. ಅದು ಯಂತ್ರದ ಮುದ್ರಣ. ಮರದಚ್ಚಿನಲ್ಲಿ ಚುಕ್ಕಿ ಇರುವುದಿಲ್ಲ. ಬಣ್ಣ ಒಂದೇ ಸಮ ಹರಡಿರುತ್ತದೆ, ಕೆಲವು ಕಡೆ ಮರದ ನಾರಿನ ಗೆರೆಯೂ ಕಾಣುತ್ತದೆ. ಹಾಳೆಯ ಹಿಂಬದಿ ತಿರುಗಿಸಿ ನೋಡಿ. ಬಣ್ಣ ಕಾಗದದೊಳಗೆ ಇಳಿದು ಹಿಂದೆ ಮಸುಕಾಗಿ ಮೂಡಿರಬೇಕು. ಉಜ್ಜಿದ ಗುರುತು ದುಂಡು ದುಂಡಾಗಿ ಇರಬೇಕು.

ಆಮೇಲೆ ಮೊಹರು. 1790ರ ದಶಕದಿಂದ ಚಿತ್ರಗಳಿಗೆ ಸರ್ಕಾರದ ಒಪ್ಪಿಗೆಯ ಮೊಹರು ಬೇಕಿತ್ತು. 1850ರ ದಶಕದ ಮೊಹರುಗಳಲ್ಲಿ ವರ್ಷ, ತಿಂಗಳು ಎರಡೂ ಇರುತ್ತವೆ. ವರ್ಷವನ್ನು ಪ್ರಾಣಿಯ ಹೆಸರಿನಿಂದ ಬರೆಯುತ್ತಾರೆ. 1854 ಹುಲಿ, 1856 ಡ್ರ್ಯಾಗನ್, 1860 ಕೋತಿ. ಆ ಹನ್ನೆರಡು ಪ್ರಾಣಿಗಳ ಅಕ್ಷರ, ಜೊತೆಗೆ ತಿಂಗಳ ಅಂಕಿ ಕಲಿತರೆ ಸಾಕು, ನಿಮ್ಮ ಹಾಳೆ ಯಾವ ತಿಂಗಳು ಅಂಗಡಿಗೆ ಬಂತು ಅಂತ ನೀವೇ ಹೇಳಬಹುದು. ಇದರ ಸಂತೋಷ ಬೇರೆಯೇ.

ನಟರ ಮನೆತನದ ಗುರುತು ಬಟ್ಟೆಯ ತೋಳಿನ ಮೇಲೆ ಇರುತ್ತದೆ. ದಂಜೂರೊ ಮನೆತನದ್ದು ಒಂದರೊಳಗೊಂದು ಮೂರು ಚೌಕ. ಅಕ್ಕಿ ಅಳೆಯುವ ಮರದ ಮೂರು ಸೇರುಗಳನ್ನು ಒಂದರೊಳಗೊಂದು ಇಟ್ಟು ಮೇಲಿನಿಂದ ನೋಡಿದ ಹಾಗೆ. ಹಣೆಯ ಮೇಲೆ ನೇರಳೆ ಬಟ್ಟೆಯ ತುಂಡು ಕಂಡರೆ ಅದು ಸ್ತ್ರೀವೇಷದ ನಟ. ಮುಂದಲೆ ಬೋಳಿಸಲೇಬೇಕು ಅಂತ ಸರ್ಕಾರ ಕಟ್ಟಳೆ ಮಾಡಿದ್ದರಿಂದ ಅದನ್ನು ಮುಚ್ಚಲು ಶುರುವಾದ ಬಟ್ಟೆ, ಕೊನೆಗೆ ಅದೇ ಒಂದು ಅಲಂಕಾರವಾಯಿತು. ಮುಖದ ಮೇಲೆ ಕೆಂಪು ಪಟ್ಟೆ ಇದ್ದರೆ ವೀರ, ನೀಲಿ ಪಟ್ಟೆ ಇದ್ದರೆ ಕೇಡಿಗ.

ಉಳಿದ ವಿವರಕ್ಕೆ ಟೋಕಿಯೊದ ವಸೇದ ವಿಶ್ವವಿದ್ಯಾಲಯದ ರಂಗಭೂಮಿ ಮ್ಯೂಸಿಯಂ ತನ್ನ ಸಾವಿರಾರು ನಟಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಬಾಸ್ಟನ್ನಿನ ಕಲಾ ಮ್ಯೂಸಿಯಂ ಕೂಡ. ದುಡ್ಡು ಕೊಡುವ ಮೊದಲು ಅದೇ ಚಿತ್ರವನ್ನು ಅಲ್ಲಿ ಹುಡುಕಿ ಪಕ್ಕದಲ್ಲಿ ಇಟ್ಟು ನೋಡಿ. ನಿಮ್ಮದರಲ್ಲಿ ಅಂಚು ಎಷ್ಟು ಕತ್ತರಿಸಿದ್ದಾರೆ, ಕೂದಲ ಗೆರೆ ಎಲ್ಲಿ ಮುರಿದಿದೆ, ಬಣ್ಣ ಎಷ್ಟು ಮಾಸಿದೆ ಎಲ್ಲ ಗೊತ್ತಾಗುತ್ತದೆ. ಹುಳ ತಿಂದ ಒಂದೆರಡು ತೂತು, ನಡುವಿನ ಮಡಿಕೆ ಇದ್ದರೆ ಪರವಾಗಿಲ್ಲ. ಮುಖದ ಮೇಲೆ ತೂತಿದ್ದರೆ ಬೇಡ. ಬಣ್ಣ ಪೂರ್ತಿ ಹೋಗಿದ್ದರೂ ಬೇಡ, ಎಷ್ಟೇ ಅಗ್ಗವಿರಲಿ.

ತಂದ ಮೇಲೆ ಬಿಸಿಲು ಬೀಳದ ಗೋಡೆ ನೋಡಿ. ಸೆಲೋಟೇಪು, ಅಂಟು ತಾಗಿಸಲೇಬೇಡಿ. ಆಮ್ಲವಿಲ್ಲದ ರಟ್ಟು ಹಾಕಿಸಿ, ಗಾಜು ಹಾಳೆಗೆ ತಾಗದಂತೆ ಕಟ್ಟು ಹಾಕಿಸಿ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಹೊರಗೋಡೆಗೆ ನೇತುಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಆರು ತಿಂಗಳು ಗೋಡೆಯಲ್ಲಿ, ಆರು ತಿಂಗಳು ಕತ್ತಲೆಯಲ್ಲಿ ಇಟ್ಟರೆ ಬಣ್ಣಕ್ಕೆ ಒಳ್ಳೆಯದು.

ಕೊನೆಯದಾಗಿ, ದೂರದಿಂದ ಕೊಳ್ಳುವವರು ಮಾರುವವರನ್ನು ಮೂರು ಫೋಟೋ ಕೇಳಿ. ಮುಂಬದಿ, ಹಿಂಬದಿ, ಮತ್ತೆ ಹಾಳೆಯನ್ನು ಓರೆಯಾಗಿ ಹಿಡಿದು ಪಕ್ಕದಿಂದ ಬೆಳಕು ಬಿಟ್ಟದ್ದು. ನನ್ನ ಸಮುರಾಯಿಯ ಮೂರನೆಯ ಫೋಟೋ ಬಂದಾಗಲೇ ನಾನು ತೀರ್ಮಾನ ಮಾಡಿದ್ದು. ನೇರವಾಗಿ ನೋಡಿದರೆ ಉಡುಪು ಬರೀ ಕಪ್ಪು. ಓರೆ ಬೆಳಕಿನಲ್ಲಿ ಆ ಕಪ್ಪಿನೊಳಗೆ ಹೊಳೆಯುವ ಕಪ್ಪಿನ ವಿನ್ಯಾಸ ತೋಳಿನಿಂದ ಸೊಂಟದವರೆಗೆ ಇಳಿದಿತ್ತು. ಅಚ್ಚಿನವನು ಒಣಗಿದ ಹಾಳೆಯನ್ನು ಕೆತ್ತಿದ ಹಲಗೆಯ ಮೇಲಿಟ್ಟು, ಮುಂಬದಿಯಿಂದ ಉಜ್ಜಿ ಉಜ್ಜಿ ಹೊಳಪು ತಂದದ್ದು ಅದು. ನೂರಾ ಅರವತ್ತು ವರ್ಷ ಕಳೆದರೂ ಹಾಗೇ ಇದೆ.